ಗೇಟಿನಿಂದಾಚೆ ಮುನ್ನೂರು ಮೀಟರ್

ನಾನು ಮನೆಗಳಿಗೆ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಬಸವನಗುಡಿ, ಜಯನಗರ, ಬನಶಂಕರಿ ನನ್ನ ಓಡಾಟದ ವ್ಯಾಪ್ತಿ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದವರು, ಮಂಡಿ ಬದಲಿಸಿಕೊಂಡವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಏನೂ ಆಗದಿದ್ದರೂ ‘ಯಾಕೋ ಕಾಲು ಬರುತ್ತಿಲ್ಲ’ ಎನ್ನುವವರು. ಹೆಚ್ಚಿನವರು ಎಪ್ಪತ್ತು ದಾಟಿದವರು. ಕೆಲವು ವಾರಗಳ ವ್ಯಾಯಾಮದ ನಂತರ ಇವರಲ್ಲಿ ಬಹಳ ಜನ ನಡುಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತಾರೆ. ಸೋಫಾದಿಂದ ದೇವರ ಮನೆಗೆ, ಅಲ್ಲಿಂದ ಬಾಲ್ಕನಿಗೆ. ಚಿಕಿತ್ಸೆ ಮುಗಿಯಿತೆಂದು ಮಕ್ಕಳಿಗೆ ಸಮಾಧಾನ. ಕೆಲವು ತಿಂಗಳಲ್ಲಿ ಅದೇ ಮನೆಯಿಂದ ಮತ್ತೆ ಫೋನ್ ಬರುತ್ತದೆ: ‘ಅಮ್ಮ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಕಾಲು ಮತ್ತೆ ಸೋತಿದೆ.’

ಹಾಗಾಗಿ ಹೊಸದಾಗಿ ಬಂದವರನ್ನು ನಾನು ಈಗ ಮೊದಲು ಕೇಳುವ ಪ್ರಶ್ನೆ ‘ಎಲ್ಲಿ ನೋವು?’ ಎಂಬುದಲ್ಲ. ‘ನೀವು ಎಲ್ಲಿಗೆ ಹೋಗಬೇಕು?’ ಎಂದು ಕೇಳುತ್ತೇನೆ. ಉತ್ತರಗಳಲ್ಲಿ ದೊಡ್ಡ ಆಸೆಗಳೇನೂ ಇರುವುದಿಲ್ಲ. ದೊಡ್ಡ ಗಣಪತಿ ದೇವಸ್ಥಾನ, ಪಿಂಚಣಿ ಬರುವ ಬ್ಯಾಂಕು, ಗಾಂಧಿ ಬಜಾರಿನ ಹೂವಿನ ಸಾಲು, ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿ, ಎರಡು ಕ್ರಾಸ್ ಆಚೆಯ ತಂಗಿಯ ಮನೆ. ಹೆಚ್ಚಿನ ಜಾಗಗಳು, ಅಥವಾ ಅಲ್ಲಿಗೆ ಹೋಗುವ ಬಸ್ ನಿಲ್ದಾಣ, ಗೇಟಿನಿಂದ ಮುನ್ನೂರು ಮೀಟರ್ ಒಳಗೇ ಇರುತ್ತವೆ. ಆ ಮುನ್ನೂರು ಮೀಟರನ್ನು ರೋಗಿಯ ಜೊತೆಯೇ ನಡೆದು ಅಳೆಯುವುದು ನನ್ನ ಚಿಕಿತ್ಸೆಯ ಭಾಗವಾಗಿ ಕೆಲವು ವರ್ಷಗಳಾದವು. ಚೀಲದಲ್ಲಿ ರಬ್ಬರ್ ಪಟ್ಟಿ, ತೂಕದ ಚೀಲಗಳ ಜೊತೆಗೆ ಬಡಗಿಯ ಟೇಪು, ಸ್ಟಾಪ್‌ವಾಚ್, ಒಂದು ಸೀಮೆಸುಣ್ಣ ಇರುತ್ತವೆ.

ಮನೆಯೊಳಗಿನ ಪರೀಕ್ಷೆ ಸರಳ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ನಡಿಗೆಯ ವೇಗವನ್ನೂ ನೋಡುತ್ತೇನೆ. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಎಂದು ಇಟ್ಟುಕೊಂಡು ಸಿಗ್ನಲ್‌ಗಳ ಸಮಯ ನಿಗದಿಪಡಿಸುವುದು ರೂಢಿ. ನನ್ನ ರೋಗಿಗಳಲ್ಲಿ ಹಲವರದು 0.7 ಮೀಟರ್. 14 ಮೀಟರ್ ಅಗಲದ ರಸ್ತೆಯನ್ನು ದಾಟಲು ಮೊದಲನೆಯವರಿಗೆ 12 ಸೆಕೆಂಡ್ ಸಾಕು, ನಮ್ಮವರಿಗೆ 20 ಬೇಕು. ಉಳಿದ ಎಂಟು ಸೆಕೆಂಡ್ ಅವರು ನಡುರಸ್ತೆಯಲ್ಲಿ, ಹಾರ್ನ್‌ಗಳ ಮಧ್ಯೆ ಇರುತ್ತಾರೆ. ಈ ಲೆಕ್ಕವನ್ನು ನನಗೆ ಹೀಗೆ ಬಿಡಿಸಿ ತೋರಿಸಿದವರು ರೋಗಿಯೊಬ್ಬರು. ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ.

ಮೇಷ್ಟ್ರ ಜೊತೆಗಿನ ನಡಿಗೆಗಳಲ್ಲಿ ಹೆಚ್ಚು ಹೊತ್ತು ಹೋದದ್ದು ಪಾದಚಾರಿ ಮಾರ್ಗದ ಮೇಲೆ. ಮೇಲೆ ಎಂದೆನಾದರೂ ನಿಜವಾಗಿ ಅವರು ನಡೆಯುತ್ತಿದ್ದದ್ದು ಅದರ ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ. ‘ಮೇಲೆ ಹತ್ತಿ ಸಾರ್’ ಎಂದರೆ, ‘ಹತ್ತಬಹುದಮ್ಮ, ಆದರೆ ಪ್ರತಿ ಮನೆಯ ಮುಂದೆಯೂ ಇಳಿದು ಮತ್ತೆ ಹತ್ತಬೇಕಲ್ಲ’ ಎಂದರು. ಟೇಪು ಹಿಡಿದು ನೋಡಿದೆವು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಎಂಬ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದ ಅಂಚುಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಮೇಷ್ಟ್ರ ಬೀದಿಯಲ್ಲಿ ಎತ್ತರ ಒಂದು ಕಡೆ ಅದರ ಎರಡರಷ್ಟಿತ್ತು, ಇನ್ನೊಂದು ಕಡೆ ರಸ್ತೆಯ ಮಟ್ಟಕ್ಕೇ ಇಳಿದಿತ್ತು. ರಸ್ತೆಗೆ ಡಾಂಬರು ಹಾಕಿದಷ್ಟೂ ಪಕ್ಕದ ಚಪ್ಪಡಿ ತಗ್ಗಾಗುತ್ತದೆ. ಆಮೇಲೆ ಚಪ್ಪಡಿಯನ್ನು ಎತ್ತರಿಸುತ್ತಾರೆ. ಈ ಪೈಪೋಟಿಯಲ್ಲಿ ನಡೆಯುವವರ ಪಾದವನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಡೆಯುವ ದಾರಿ ಎಂದರೆ ಚರಂಡಿಯ ಮುಚ್ಚಳವೇ. ಮಳೆನೀರು ಕಾಲುವೆಯ ಮೇಲೆ ಉದ್ದುದ್ದ ಕಲ್ಲುಚಪ್ಪಡಿ ಹೊದಿಸಿರುತ್ತಾರೆ. ಹೂಳೆತ್ತಲು ಬಂದವರು ಒಂದನ್ನು ಎತ್ತಿ ಸರಿಯಾಗಿ ಕೂರಿಸದೆ ಹೋದರೆ ಅದು ಅಲುಗಾಡುತ್ತದೆ. ಕಾಲು ಇಟ್ಟಾಗ ಕಲ್ಲು ಅಲುಗಿದರೆ ಇಪ್ಪತ್ತರ ಹುಡುಗ ಎರಡನೇ ಹೆಜ್ಜೆಯಲ್ಲಿ ಸಾವರಿಸಿಕೊಳ್ಳುತ್ತಾನೆ. ಎಪ್ಪತ್ತೈದರವರಿಗೆ ಆ ಎರಡನೇ ಹೆಜ್ಜೆ ತಡವಾಗಿ ಬರುತ್ತದೆ. ಎರಡು ಬಗೆಯ ಗಾಜಿರುವ ಕನ್ನಡಕ ಹಾಕಿದ್ದರೆ ಇನ್ನೂ ಕಷ್ಟ. ಕೆಳಗಿನ ಅರ್ಧ ಓದುವುದಕ್ಕಾಗಿ ಇರುವುದು, ಅದರ ಮೂಲಕ ನೋಡಿದರೆ ನೆಲ ಮಸುಕು. ನಾನು ಹೊರಗಿನ ನಡಿಗೆಗೆ ದೂರದೃಷ್ಟಿಯದೇ ಒಂದು ಬೇರೆ ಕನ್ನಡಕ ಮಾಡಿಸಿಕೊಳ್ಳಿ ಎಂದು ಹೇಳುತ್ತೇನೆ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ತುದಿಯ ರಬ್ಬರ್ ಸವೆದರೆ ಬದಲಿಸಬೇಕು ಎಂಬ ಪಾಠವೂ ಆಗುತ್ತದೆ. ಇಷ್ಟೆಲ್ಲ ಹೇಳಿಕೊಟ್ಟ ಮೇಲೂ ಎರಡು ಚಪ್ಪಡಿಗಳ ನಡುವಿನ ಸಂದಿಯೊಳಗೆ ಕೋಲಿನ ತುದಿ ಇಳಿದುಹೋದರೆ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಮನೆಗಳ ಮುಂದೆ ಕಾರು ಹತ್ತಿಸಲು ಮಾಡಿಕೊಂಡ ಸಿಮೆಂಟಿನ ಇಳಿಜಾರುಗಳದು ಇನ್ನೊಂದು ಕಥೆ. ಗಾಲಿಕುರ್ಚಿಗೆ ಒಪ್ಪುವ ಇಳಿಜಾರು ಎಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೇಷ್ಟ್ರು ತಮ್ಮ ಬೀದಿಯ ಇಳಿಜಾರುಗಳನ್ನು ಒಂದೊಂದಾಗಿ ಅಳೆದು ನೋಟ್‌ಪುಸ್ತಕದಲ್ಲಿ ಬರೆದಾಗ ಒಂದಕ್ಕೆ ನಾಲ್ಕು, ಒಂದಕ್ಕೆ ಮೂರು ಸಿಕ್ಕವು. ಕಡಿದಾದವುಗಳಲ್ಲಿ ಒಂದು ಅವರದೇ ಮನೆಯದಾಗಿತ್ತು. ಮರುವಾರ ಗಾರೆಯವನನ್ನು ಕರೆಸಿ ಒಡೆಸಿದರು. ಆಮೇಲೆ ಅಕ್ಕಪಕ್ಕದವರ ಬಾಗಿಲು ತಟ್ಟಿದರು. ಮೇಷ್ಟ್ರ ಮಾತಿಗೆ ಎಲ್ಲರೂ ಒಪ್ಪಿದರು ಎಂದು ಬರೆಯಲು ಆಸೆ, ಆದರೆ ಒಪ್ಪಿದವರು ಇಬ್ಬರೇ. ಅಷ್ಟಕ್ಕೇ ಸುಮಾರು ಅರ್ಧ ಬೀದಿ ನಡೆಯುವಂತಾಯಿತು.

ಬೀದಿಯ ಉಳಿದ ಕೆಲಸಕ್ಕೆ ಪತ್ರ ಬರೆಯಲೇಬೇಕು. ಇದರಲ್ಲಿ ನಾನು ಕಂಡುಕೊಂಡದ್ದಿಷ್ಟು: ‘ನಮ್ಮ ಬಡಾವಣೆಯ ಫುಟ್‌ಪಾತ್ ಸರಿಪಡಿಸಿ’ ಎಂಬ ಅರ್ಜಿಗೆ ಯಾರೂ ಉತ್ತರಿಸುವುದಿಲ್ಲ. ಉತ್ತರಿಸುವುದಾದರೂ ಹೇಗೆ? ಅದು ಅಷ್ಟು ದೊಡ್ಡ ಕೆಲಸ. ಒಂದು ಪತ್ರಕ್ಕೆ ಒಂದೇ ಜಾಗ, ಒಂದೇ ಪುಟ. ಮನೆ ಸಂಖ್ಯೆಯ ಎದುರು ಎಂದು ಗುರುತು, ಟೇಪು ಇಟ್ಟು ಅಂಕಿ ಕಾಣುವಂತೆ ತೆಗೆದ ಫೋಟೊ, ಮಾರ್ಗಸೂಚಿಯ ಅಳತೆ, ಏನು ಮಾಡಬೇಕೆಂದು ಒಂದು ಸಾಲು: ‘ಮೂರು ಚಪ್ಪಡಿಗಳನ್ನು ಎತ್ತಿ ಮಟ್ಟ ಮಾಡಿ ಕೂರಿಸಬೇಕು.’ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು ಅದರ ಸಂಖ್ಯೆಯನ್ನೂ ಪತ್ರದಲ್ಲಿ ಬರೆಯುತ್ತೇವೆ. ನಂತರ ಅದನ್ನು ಹಿಡಿದು ಎಂಜಿನಿಯರ್ ಹತ್ತಿರ ಹಿರಿಯರೇ ಹೋಗುತ್ತಾರೆ, ನಾನಲ್ಲ. ಊರುಗೋಲು ಹಿಡಿದು ಎರಡನೇ ಮಹಡಿಯ ಕಚೇರಿಗೆ ಹತ್ತಿ ಬಂದವರನ್ನು ಬೇಗ ಕಳುಹಿಸುವುದು ಯಾರಿಗೂ ಸುಲಭವಲ್ಲ. ಚಪ್ಪಡಿ ಕೆಲಸಗಳು ಹೀಗೆ ಆಗಿವೆ. ನಡುದಾರಿಯಲ್ಲಿ ನಿಂತಿರುವ ಟ್ರಾನ್ಸ್‌ಫಾರ್ಮರ್ ಮಾತ್ರ ಒಂದು ಇಂಚೂ ಸರಿದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಬದುಕುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯ ಅಡಿಯಲ್ಲಿ ಬರುತ್ತದೆ ಎಂದು ಹೇಳಿದ ಮೇಲೆ ಮೇಷ್ಟ್ರು ಆ ಸಾಲನ್ನೂ ಪತ್ರಕ್ಕೆ ಸೇರಿಸುತ್ತಿದ್ದಾರೆ. ಚಪ್ಪಡಿಗೆ ಸಂವಿಧಾನ ಬೇಕೇ ಎಂದು ನನಗೆ ಅನುಮಾನ, ಅವರಿಗೆ ಇಲ್ಲ.

ನಗರದಲ್ಲಿ ಒಳ್ಳೆಯ ದಾರಿಗಳೇ ಇಲ್ಲ ಎಂದೇನೂ ಇಲ್ಲ. ಟೆಂಡರ್‌ಶ್ಯೂರ್ ಎಂಬ ರಸ್ತೆ ಸುಧಾರಣೆಯ ಯೋಜನೆಯಲ್ಲಿ ಮಾಡಿದ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಅಗಲವಾದ, ಸಮತಟ್ಟಾದ ದಾರಿ ಇದೆ. ನನ್ನ ತಕರಾರು ಒಂದೇ: ವಯಸ್ಸಾದವರು ಹೆಚ್ಚು ವಾಸಿಸುವುದು ಕ್ರಾಸ್‌ಗಳಲ್ಲಿ, ಅವರು ದಿನವೂ ತುಳಿಯುವುದು ಅಡ್ಡರಸ್ತೆಯನ್ನು.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ. ನನ್ನ ಹತ್ತಿರ ಬರುತ್ತಿದ್ದ ಅಜ್ಜಿಯೊಬ್ಬರ ಕಾಲು ವಾರದಲ್ಲಿ ಒಂದೆರಡು ದಿನ ಊದಿರುತ್ತಿತ್ತು, ಉಳಿದ ದಿನ ಸರಿ. ಯಾವ ದಿನ ಎಂದು ಜೋಡಿಸಿ ನೋಡಿದಾಗ ಗೊತ್ತಾಯಿತು: ಭಜನೆಗೆ ಹೋಗುವ ದಿನ ಅವರು ಮೂತ್ರಕ್ಕೆ ಹೋಗಿಸುವ ರಕ್ತದೊತ್ತಡದ ಮಾತ್ರೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆಯಿಂದ ನೀರೂ ಕುಡಿಯುತ್ತಿರಲಿಲ್ಲ. ‘ದಾರಿಯಲ್ಲಿ ಎಲ್ಲಿಗೆ ಹೋಗಲಿ, ಡಾಕ್ಟರಮ್ಮ?’ ಎಂದರು. ನೀರು ಕುಡಿಯದೆ ಬಿಸಿಲಿನಲ್ಲಿ ಓಡಾಡಿದರೆ ಕುಳಿತು ಎದ್ದ ಕೂಡಲೇ ತಲೆ ಸುತ್ತುತ್ತದೆ, ತಲೆ ಸುತ್ತಿದರೆ ಬೀಳುತ್ತಾರೆ. ಆ ಬೀಳುವಿಕೆಯ ಕಾರಣವಾಗಿ ಆಸ್ಪತ್ರೆಯ ಕಾಗದದಲ್ಲಿ ‘ಶೌಚಾಲಯ ಇಲ್ಲ’ ಎಂದು ಎಂದಿಗೂ ಬರೆಯುವುದಿಲ್ಲ. ಅಜ್ಜಿಯನ್ನು ಅವರ ವೈದ್ಯರ ಹತ್ತಿರ ಕಳುಹಿಸಿ, ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ಬದಲಿಸಿಕೊಳ್ಳಲು ಹೇಳಿದೆ. ಜೊತೆಗೆ ಅವರ ದಾರಿಯಲ್ಲಿರುವ ಶೌಚಾಲಯಗಳ ಪಟ್ಟಿ ಮಾಡಿದೆ. ಒಂದು ಹೋಟೆಲು, ಒಂದು ಕಲ್ಯಾಣ ಮಂಟಪ, ಒಂದು ಔಷಧದಂಗಡಿ. ಮಾಲೀಕರನ್ನು ಮೊದಲೇ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಎಷ್ಟೋ ಕಡೆ ಶೌಚಾಲಯ ಇರುತ್ತದೆ, ಒಳಗೆ ಭಾರತೀಯ ಶೈಲಿಯದು, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇಲ್ಲ. ಮಂಡಿ ಬದಲಿಸಿಕೊಂಡವರಿಗೆ ಅದು ಇದ್ದೂ ಇಲ್ಲದಂತೆ. ಕಂಬಿ ಹಾಕಿಸಲು ಸಣ್ಣ ಖರ್ಚು ಸಾಕು. ಕಲ್ಯಾಣ ಮಂಟಪದವರು ಹಾಕಿಸಿದರು, ಮದುವೆಗೆ ಬರುವ ಅಜ್ಜ ಅಜ್ಜಿಯರಿಗೂ ಆಯಿತು ಎಂದು.

ಬೆಂಚುಗಳ ಬಗ್ಗೆಯೂ ನನಗೆ ಸಿಟ್ಟಿದೆ. ನಮ್ಮ ಉದ್ಯಾನಗಳಲ್ಲಿ ಯಾರದ್ದೋ ಸ್ಮರಣಾರ್ಥ ಕೊಟ್ಟ ಕಲ್ಲುಬೆಂಚುಗಳು ಸಾಕಷ್ಟಿವೆ. ಹಲವಕ್ಕೆ ಬೆನ್ನು ಒರಗಿಸಲು ಆಸರೆ ಇಲ್ಲ, ಕೈಯಾಸರೆ ಇಲ್ಲ, ನೆಲಕ್ಕೆ ತೀರಾ ಹತ್ತಿರ. ಕುಳಿತುಕೊಳ್ಳುವುದು ಸುಲಭ, ಏಳುವುದೇ ಕಷ್ಟ. ಸುಮಾರು 45 ಸೆಂಟಿಮೀಟರ್ ಎತ್ತರ, ಎರಡೂ ಬದಿಗೆ ಕೈ ಊರಿ ಏಳಲು ಹಿಡಿ ಇದ್ದರೆ ದುರ್ಬಲ ತೊಡೆಯವರೂ ತಾವಾಗಿ ಏಳುತ್ತಾರೆ. ಯಾರಾದರೂ ತಂದೆಯ ಹೆಸರಿನಲ್ಲಿ ಬೆಂಚು ಕೊಡಬೇಕೆಂದು ನನ್ನಲ್ಲಿ ಹೇಳಿದರೆ ಈ ಅಳತೆಯ ಚೀಟಿ ಕೊಡುತ್ತೇನೆ. ಉದ್ಯಾನದೊಳಗೆ ಬೇಡ, ಉದ್ಯಾನಕ್ಕೆ ಹೋಗುವ ದಾರಿಯಲ್ಲಿ, ನೆರಳಿರುವ ಕಡೆ ಹಾಕಿಸಿ ಎಂದೂ ಸೇರಿಸುತ್ತೇನೆ. ನೂರು ಮೀಟರಿಗೊಮ್ಮೆ ಕೂರಲು ಸಿಕ್ಕರೆ ಮುನ್ನೂರು ಮೀಟರ್ ನಡೆಯುವ ಧೈರ್ಯ ಬರುತ್ತದೆ. ಬೆಂಚು ಆಗದ ಕಡೆ ಇಸ್ತ್ರಿ ಅಂಗಡಿಯವರ ಸ್ಟೂಲೂ ಸಾಕಾಗಿದೆ. 2024ರ ಜೂನ್‌ನಿಂದ ಪಾಲಿಕೆಯ ಉದ್ಯಾನಗಳ ಸಮಯವನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಎಂದು ಮಾಡಿದ್ದು ನನ್ನ ರೋಗಿಗಳಿಗೆ ಬಹಳ ಅನುಕೂಲವಾಯಿತು. ಸಂಧಿವಾತ ಇರುವವರ ಕೀಲುಗಳು ಬೆಳಿಗ್ಗೆ ಬಿಗಿಯಾಗಿರುತ್ತವೆ. ಅವರಿಗೆ ಹನ್ನೊಂದು ಗಂಟೆಗೆ ಮೈ ಸಡಿಲವಾಗುತ್ತದೆ, ಹಿಂದೆ ಆ ಹೊತ್ತಿಗೆ ಗೇಟಿಗೆ ಬೀಗ ಬಿದ್ದಿರುತ್ತಿತ್ತು.

ಬಸ್ಸಿನ ವಿಷಯದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲಿನ ಬದಲಾವಣೆಯನ್ನು ಕಣ್ಣಾರೆ ಕಂಡಿದ್ದೇನೆ. ಟಿಕೆಟ್ ಹಣಕ್ಕೆ ಮಗನನ್ನೋ ಸೊಸೆಯನ್ನೋ ಕೇಳಬೇಕಿದ್ದ ಅಜ್ಜಿಯರು ಯಾರನ್ನೂ ಕೇಳದೆ ಹೊರಟರು. ಅಜ್ಜಂದಿರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶೇ 25ರ ರಿಯಾಯಿತಿ ಇದೆ. ಉಳಿದಿರುವುದು ಹತ್ತುವ ಪ್ರಶ್ನೆ. ತಗ್ಗು ನೆಲದ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿಲಿಮೀಟರ್ ಎತ್ತರ, ಹಳೆಯ ಮಾದರಿಯದು 900ರಷ್ಟು. ಬಸ್ಸು ನಿಲ್ದಾಣದ ಅಂಚಿಗೆ ಒತ್ತಿ ನಿಂತರೆ ತಗ್ಗು ನೆಲದ ಬಸ್ಸಿಗೆ ಹತ್ತುವುದು ಒಂದು ಹೆಜ್ಜೆಯ ಕೆಲಸ. ರಸ್ತೆಯ ನಡುವೆ ನಿಂತರೆ ಮೊದಲು ಕೆಳಗಿಳಿದು ಆಮೇಲೆ ಹತ್ತಬೇಕು, ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಅದಕ್ಕೇ ನನ್ನ ರೋಗಿಗಳಿಗೆ ಮನೆಯಲ್ಲಿ ಏಳಿಸುವುದು, ಕೂರಿಸುವುದರ ಜೊತೆಗೆ ಮಂಚದ ಪಕ್ಕದಲ್ಲಿ ಹಲಗೆ ಜೋಡಿಸಿ ಬಸ್ಸಿನ ಮೆಟ್ಟಿಲಿನ ಎತ್ತರವನ್ನೇ ಅಭ್ಯಾಸ ಮಾಡಿಸುತ್ತೇನೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ರೈಲಿಗೆ ಸಮತಟ್ಟಾಗಿ ಹೆಜ್ಜೆ ಇಡಬಹುದು. ಸೌತ್ ಎಂಡ್ ವೃತ್ತದಿಂದ ಮಲ್ಲೇಶ್ವರದ ಅಕ್ಕನ ಮನೆಗೆ ಒಬ್ಬರೇ ಹೋಗಿಬಂದ ಎಂಬತ್ತರ ರೋಗಿಯೊಬ್ಬರು ಅದನ್ನು ಕಾಶಿಯಾತ್ರೆಯ ಹಾಗೆ ವರ್ಣಿಸಿದರು. ಅವರು ಹೆದರಿದ್ದು ಮನೆಯಿಂದ ನಿಲ್ದಾಣದವರೆಗೆ ಮಾತ್ರ.

ಒಂಟಿಯಾಗಿರುವವರ ಮನೆಯಲ್ಲಿ ಫ್ರಿಜ್ ಮೇಲೆ ಎರಡು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸುತ್ತೇನೆ: ಬೆಂಗಳೂರಿನ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090, ದೇಶಕ್ಕೆಲ್ಲ ಒಂದೇ ಆದ 14567.

ರಸ್ತೆ ದಾಟುವ ಆ ಎಂಟು ಸೆಕೆಂಡ್ ಇನ್ನೂ ಬಾಕಿ ಇದೆ. ಸಿಗ್ನಲ್‌ನ ಹಸಿರು ಹೊತ್ತನ್ನು ಹೆಚ್ಚಿಸಿದರೆ ವಾಹನಗಳ ಸಾಲು ಬೆಳೆಯುತ್ತದೆ ಎಂಬ ಉತ್ತರ ಬಂದಿದೆ. ಹಾಗಾದರೆ ರಸ್ತೆಯ ನಡುವಿನ ವಿಭಜಕವನ್ನು ಒಂದು ಕಡೆ ಕತ್ತರಿಸಿ, ಇಬ್ಬರು ನಿಲ್ಲುವಷ್ಟು ಜಾಗ ಮಾಡಿಕೊಡಿ, ಎರಡು ಸಲಕ್ಕೆ ದಾಟುತ್ತೇವೆ ಎನ್ನುವುದು ಮೇಷ್ಟ್ರ ಹೊಸ ವಾದ. ನಕ್ಷೆ ಬರೆದು, ಅಳತೆ ಹಾಕಿ, ಬೆಳಗಿನ ಹೊತ್ತು ದಾಟುವ ಹಿರಿಯರು ಎಲ್ಲೆಲ್ಲಿ ನಿಂತು ಹಿಂದಿರುಗುತ್ತಾರೆ ಎಂಬುದನ್ನೂ ಗುರುತಿಸಿದ್ದಾರೆ. ಪತ್ರ ಮೂರು ಪುಟ ಆಗಿದೆ. ಒಂದೇ ಪುಟಕ್ಕೆ ಇಳಿಸಿ ಸಾರ್ ಎಂದು ಹೇಳಿ ಹೇಳಿ ಸಾಕಾಗಿದೆ, 21ನೇ ವಿಧಿಯನ್ನು ಬಿಡಲು ಅವರು ಒಪ್ಪುತ್ತಿಲ್ಲ.