ಗೂಡುದೀಪಕ್ಕೆ ಅರವತ್ತನಾಲ್ಕು ಎಸಳು

ದೀಪಾವಳಿಗೆ ತೂಗುಹಾಕುವ ನಮ್ಮ ಮನೆಯ ಗೂಡುದೀಪಕ್ಕೆ ಆರು ಚೌಕಗಳು. ಒಂದೇ ಅಳತೆಯ 24 ಬಿದಿರಿನ ಕಡ್ಡಿಗಳಿಂದ ಆರು ಚೌಕ ಕಟ್ಟಿ, ಮೂಲೆಗೆ ಮೂಲೆ ಸೇರಿಸಿ ನೂಲು ಸುತ್ತಿದರೆ, ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಮೇಲಿನ ಚೌಕ ಬಲ್ಬು ಇಳಿಸುವುದಕ್ಕೆ, ಅದು ತೆರೆದೇ ಇರುತ್ತದೆ. ಉಳಿದ ಐದು ಚೌಕಗಳಿಗೆ ಎಂಟೆಂಟು ಎಸಳಿನ ಹೂವು, ಎಂಟು ತ್ರಿಕೋನಗಳಿಗೆ ಮೂರು ಮೂರು ಎಸಳು. ಲೆಕ್ಕ ಹಾಕಿದರೆ 64.

ಅಮ್ಮ ಇಷ್ಟನ್ನೂ ಕತ್ತರಿಯಲ್ಲೇ ಮುಗಿಸುತ್ತಿದ್ದರು. ತೆಳು ಬಣ್ಣದ ಕಾಗದವನ್ನು ಎಂಟು ಪದರ ಮಡಚಿ, ಅಂದಾಜಿನಲ್ಲೇ ಕತ್ತರಿ ಆಡಿಸಿ, ಬಿಡಿಸಿದರೆ ಹೂವು. ನಾನು ಅದೇ ಕೆಲಸ ಕೈಗೆತ್ತಿಕೊಂಡಾಗ ಬೇರೆ ಕಾಗದ ಆರಿಸಿದೆ. ಹೊರಗೆ 200 ಜಿಎಸ್‌ಎಮ್‌ನ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ, ಕಡುಗೆಂಪು ದಪ್ಪ ಹಾಳೆ, ಅದರಲ್ಲಿ ಎಸಳಿನ ಆಕಾರದ ಕಿಂಡಿಗಳು, ಹಿಂದಿನಿಂದ ಅಂಟಿಸಿದ ಹಳದಿ ಗಾಳಿಪಟದ ಕಾಗದ. ದೀಪ ಹಚ್ಚಿದರೆ ಹೂವಷ್ಟೇ ಹೊಳೆಯಬೇಕು, ಉಳಿದದ್ದು ಕತ್ತಲಾಗಿರಬೇಕು. ಮಂಗಳೂರಿನ ಗೂಡುದೀಪ ಸ್ಪರ್ಧೆಗಳಲ್ಲಿ ಅಂಥ ಕೆಲಸ ನೋಡಿದ ಮೇಲೆ ನನಗೂ ಆ ಆಸೆ ಹತ್ತಿತ್ತು. ಆದರೆ ದಪ್ಪ ಹಾಳೆಯನ್ನು ಎಂಟು ಪದರ ಮಡಚಲಾಗುವುದಿಲ್ಲ, ಕಿಂಡಿಯ ಒಳಗೆ ಕತ್ತರಿ ತಿರುಗುವುದಿಲ್ಲ.

ಮೊದಲ ವರ್ಷ ಔಷಧಿ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಶಸ್ತ್ರಚಿಕಿತ್ಸೆಯ ಅಲಗನ್ನು 3ನೇ ನಂಬರಿನ ಹಿಡಿಗೆ ಸಿಕ್ಕಿಸಿ ಒಂದೊಂದೇ ಎಸಳು ಕೊರೆದೆ. ನೇರ ಗೆರೆಗೆ ಅದಕ್ಕಿಂತ ಒಳ್ಳೆಯ ಅಲಗಿಲ್ಲ. ಬಾಗಿದ ಗೆರೆಗೆ ಮಾತ್ರ ಮಣಿಕಟ್ಟನ್ನೋ ಹಾಳೆಯನ್ನೋ ತಿರುಗಿಸುತ್ತಲೇ ಇರಬೇಕು, ತಿರುಗಿಸಿದಲ್ಲೆಲ್ಲ ಒಂದು ಸಣ್ಣ ಮುರುಕು ಉಳಿಯುತ್ತದೆ. ನಲವತ್ತನೆಯ ಎಸಳಿನ ಹೊತ್ತಿಗೆ ಹೆಬ್ಬೆರಳು ಮರಗಟ್ಟಿತ್ತು.

ಮರುವರ್ಷ ತಿರುಗುವ ಅಲಗಿನ ಚಾಕು ಕೊಂಡೆ. ಪೆನ್ನಿನಂಥ ಹಿಡಿ, ತುದಿಯಲ್ಲಿ ದುಂಡನೆಯ ಮೂಗು, ಅದರೊಳಗೆ ಸಣ್ಣ ಅಲಗು. ಅಲಗು ಎತ್ತ ಬೇಕಾದರೂ ತಿರುಗುತ್ತದೆ. ಅದರ ಮೊನೆ ತಿರುಗುವ ಅಚ್ಚಿನ ನೇರ ಕೆಳಗಿರದೆ ಒಂದಿಷ್ಟು ಪಕ್ಕಕ್ಕಿರುತ್ತದೆ. ಹಾಗಾಗಿ ಚಾಕುವನ್ನು ಎಳೆದ ಕಡೆಗೆ ಮೊನೆ ಹಿಂದಿನಿಂದ ಬರುತ್ತದೆ, ಕಚೇರಿ ಕುರ್ಚಿಯ ಗಾಲಿ ಬರುವಂತೆ. ದಾರಿ ಬಾಗಿದರೆ ಅಲಗೂ ತಾನಾಗಿ ಬಾಗುತ್ತದೆ. ಕಂಪ್ಯೂಟರಿನಿಂದ ನಡೆಯುವ ಸ್ಟಿಕ್ಕರ್ ಕತ್ತರಿಸುವ ಯಂತ್ರಗಳ ಅಲಗೂ ಹೀಗೆಯೇ ಕೆಲಸ ಮಾಡುತ್ತದೆ.

ಇದು ಗೊತ್ತಿದ್ದೂ ಮೊದಲ ಒಂದು ವಾರ ನನ್ನ ಗೆರೆಗಳೆಲ್ಲ ಅಲುಗಾಡಿದವು. ಹಳೆಯ ಚಾಕುವಿನ ಅಭ್ಯಾಸದಂತೆ ನಾನು ಹಿಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದೆ, ಬರೆಯುವಂತೆ ಓರೆಯಾಗಿ ಹಿಡಿಯುತ್ತಿದ್ದೆ. ಓರೆಯಾದರೆ ಅಲಗು ತನ್ನ ಮನೆಯೊಳಗೆ ಬಿಗಿಯುತ್ತದೆ, ತಿರುಗುವುದಿಲ್ಲ. ಕಂಬ ನೆಟ್ಟಂತೆ ನೇರವಾಗಿ ಹಿಡಿದು, ಹೋಗಬೇಕಾದ ಕಡೆಗೆ ಎಳೆದರೆ ಸಾಕು. ತಿರುಗುವ ಕೆಲಸ ಅಲಗಿನದು. ಇದನ್ನು ಕೈ ಒಪ್ಪುವುದಕ್ಕೆ ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳ ಮೇಲೆ ಬರೀ ವೃತ್ತಗಳನ್ನೇ ಕತ್ತರಿಸಿದೆ. ಚಾಕುವಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಟೆಂಪ್ಲೇಟಿನಲ್ಲಿ ಒಂದರೊಳಗೊಂದು ವೃತ್ತದ ಕಾಲುವೆಗಳಿದ್ದವು. ಕಾಲುವೆ ಪೂರ್ತಿ ಸುತ್ತು ಬರುವುದಿಲ್ಲ, ಬಂದರೆ ಒಳಗಿನ ಪ್ಲಾಸ್ಟಿಕ್ ಕಳಚಿ ಬೀಳುತ್ತದಲ್ಲ. ನಡುವೆ ಬಿಟ್ಟಿರುವ ಸಣ್ಣ ಸೇತುವೆಗಳ ಜಾಗವನ್ನು ಕೊನೆಯಲ್ಲಿ ಕತ್ತರಿಯಿಂದ ಬಿಡಿಸಬೇಕು.

ಕೆಳಗೆ ಹಾಸುವುದೇನು ಎಂಬುದು ಚಾಕುವಿನಷ್ಟೇ ಮುಖ್ಯ. ಕತ್ತರಿಸುವ ಕೆಲಸಕ್ಕೆಂದೇ ಸಿಗುವ ಹಸಿರು ಹಾಸು ಈ ಅಲಗಿಗೆ ಗಟ್ಟಿಯಾಯಿತು. ಮೊನೆ ಒಳಗಿಳಿಯದೆ ಜಾರುತ್ತಿತ್ತು, ಎರಡು ಸಂಜೆಗೆ ಮೊಂಡಾಯಿತು. ಹಾಸಿಗೆಯ ಫೋಮ್ ತುಂಡು ಹಾಕಿ ನೋಡಿದೆ. ಹಾಳೆ ಕುಸಿದು ಅಂಚು ಹರಿಯಿತು. ಕೊನೆಗೆ ಪ್ಲೈವುಡ್ಡಿನ ಮೇಲೆ ಯೋಗದ ಚಾಪೆಯ ಒಂದು ತುಂಡು ಹಾಸಿದಾಗ ಅಲಗು ಹದವಾಗಿ ಇಳಿಯಿತು. ಈಗಲೂ ಅದೇ ತುಂಡು.

ಎಸಳಿನ ಟೆಂಪ್ಲೇಟ್ ಅಂಗಡಿಯಲ್ಲಿ ಸಿಗಲಿಲ್ಲ, ಅಂದರೆ ನನಗೆ ಬೇಕಾದ ಆಕಾರದ್ದು. ಹಳೆಯ ಎಕ್ಸ್-ರೇ ಫಿಲ್ಮಿನಲ್ಲಿ ಒಂದು ಕೊರೆದೆ. ರಂಗೋಲಿಗೆ ಅದು ಚೆನ್ನ, ಚಾಕುವಿಗಲ್ಲ. ಮೂಗು ಆನಿಸಿಕೊಳ್ಳಲು ಒಂದು ಗೋಡೆ ಬೇಕು, ಫಿಲ್ಮಿನ ಅಂಚು ಅಷ್ಟು ಎತ್ತರವಿಲ್ಲ. ಮೂಗು ಅಂಚಿನ ಮೇಲೆ ಹತ್ತಿ ಆಚೆ ಹೋಗುತ್ತಿತ್ತು. ಆಮೇಲೆ ಲೇಸರಿನಲ್ಲಿ ಕತ್ತರಿಸುವ ಒಂದು ಅಂಗಡಿಗೆ ಚಿತ್ರ ಕೊಟ್ಟು 2 ಮಿ.ಮೀ. ದಪ್ಪದ ಅಕ್ರಿಲಿಕ್ಕಿನಲ್ಲಿ ಎಸಳಿನ ರಂಧ್ರ ಮಾಡಿಸಿದೆ. ಮೊದಲ ಸಲ ಮಾಡಿಸಿದ್ದು ವ್ಯರ್ಥವಾಯಿತು, ಕತ್ತರಿಸಿದ ಎಸಳುಗಳೆಲ್ಲ ಸಣ್ಣದಾಗಿ ಬಂದವು. ನನ್ನ ಚಾಕುವಿನ ಮೂಗು 4 ಮಿ.ಮೀ. ಅಗಲ. ಅದು ಗೋಡೆಗೆ ತಾಗಿಕೊಂಡು ಓಡುವಾಗ ಕತ್ತರಿಸುವ ಗೆರೆ ಗೋಡೆಯಿಂದ 2 ಮಿ.ಮೀ. ಒಳಗೆ ಬೀಳುತ್ತದೆ. ರಂಧ್ರವನ್ನು ಸುತ್ತಲೂ 2 ಮಿ.ಮೀ. ಹಿಗ್ಗಿಸಿ ಇನ್ನೊಮ್ಮೆ ಮಾಡಿಸಿದೆ. ನೀವು ಮಾಡಿಸುವುದಿದ್ದರೆ ಮೊದಲು ಮೂಗನ್ನು ಅಳೆಯಿರಿ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಎಸಳಿನ ತುದಿ. ಬಾಗು ದಾಟಿ ಮೂಗು ತುದಿಗೆ ಬಂದು ಎರಡೂ ಗೋಡೆಗಳನ್ನು ಮುಟ್ಟಿ ನಿಲ್ಲುತ್ತದೆ. ಮೊನೆ ಇನ್ನೂ ಹಿಂದಿದೆ, ತುದಿ ಮುಟ್ಟಿಲ್ಲ. ಅಲ್ಲಿಂದಲೇ ಚಾಕು ಎತ್ತದೆ ಇನ್ನೊಂದು ಬದಿಗೆ ಎಳೆದರೆ, ಅಲಗು ನಿಂತಲ್ಲೇ ಸುತ್ತು ಹೊಡೆದು ಮುಖ ಬದಲಿಸಿಕೊಳ್ಳುತ್ತದೆ, ಆ ಸುತ್ತು ಕಾಗದದಲ್ಲಿ ಸಣ್ಣ ಕೊಕ್ಕೆಯಾಗಿ ಉಳಿಯುತ್ತದೆ. ಚೂಪಾಗಿರಬೇಕಾದ ಎಸಳು ಮೊಂಡಾಗುತ್ತದೆ. ಎಸಳುಗಳನ್ನೇ ಬಿಡಿಯಾಗಿ ಕತ್ತರಿಸಿ ಅಂಟಿಸುವವರಿಗೆ ಉಪಾಯ ಸುಲಭ: ಎರಡೂ ಬದಿಯ ಗೆರೆಗಳನ್ನು ತುದಿ ದಾಟಿ ಒಂದಿಷ್ಟು ಮುಂದೆ ಹೋಗಲು ಬಿಟ್ಟರಾಯಿತು, ಹೆಚ್ಚಿನ ಗೀರು ಬಿಸಾಡುವ ಕಾಗದದಲ್ಲಿ ಉಳಿಯುತ್ತದೆ. ನನ್ನದು ಕಿಂಡಿ. ಹೆಚ್ಚಿನ ಗೀರು ಉಳಿಯುವುದು ಇಟ್ಟುಕೊಳ್ಳುವ ಹಾಳೆಯಲ್ಲೇ. ಹಗಲಲ್ಲಿ ಅದು ಕಾಣುವುದೂ ಇಲ್ಲ. ದೀಪ ಹಚ್ಚಿದ ಕ್ಷಣ ಅಲ್ಲೊಂದು ಬೆಳಕಿನ ಎಳೆ ಮೂಡುತ್ತದೆ.

ಹಾಗಾಗಿ ಈಗ ನಾನು ಎಸಳಿನ ಹೊಟ್ಟೆಯ ಭಾಗದಿಂದ ಆರಂಭಿಸುತ್ತೇನೆ. ಚಾಕು ಇಳಿಸುವ ಮೊದಲು ಅಲಗಿನ ಮುಖವನ್ನು ಗೆರೆಯ ದಿಕ್ಕಿಗೆ ತಿರುಗಿಸಿಕೊಳ್ಳುತ್ತೇನೆ, ಇಲ್ಲವಾದರೆ ಆರಂಭದಲ್ಲೇ ಒಂದು ಕೊಕ್ಕೆ. ಮೂಗು ತುದಿಗೆ ತಾಗಿದ ಕೂಡಲೇ ಎತ್ತುತ್ತೇನೆ. ಮತ್ತೆ ಹೊಟ್ಟೆಯಿಂದ ಇನ್ನೊಂದು ಕಡೆಗೆ. ಹೀಗೆ ನಾಲ್ಕು ಎಳೆತ. ಎರಡೂ ತುದಿಗಳಲ್ಲಿ ಕೂದಲೆಳೆಯಷ್ಟು ಕಾಗದ ಹಿಡಿದುಕೊಂಡಿರುತ್ತದೆ. ಟೆಂಪ್ಲೇಟ್ ತೆಗೆದು, ಮೊದಲ ವರ್ಷದ ಆ 11ನೇ ನಂಬರಿನ ಅಲಗನ್ನು ತುದಿಯಲ್ಲೇ ನೇರ ಊರಿ ಹಿಂದಕ್ಕೆಳೆದರೆ ಎಸಳು ಕಳಚಿ ಬೀಳುತ್ತದೆ.

ಕರಾವಳಿಯ ಹವೆಯ ಬಗ್ಗೆಯೂ ಹೇಳಬೇಕು. ದೀಪಾವಳಿಗೆ ಮೊದಲು ಇಲ್ಲಿ ಒಮ್ಮೊಮ್ಮೆ ಇನ್ನೂ ಮಳೆ. ತೇವ ಹೀರಿದ ಹಾಳೆ ಮೆತ್ತಗಾಗಿ ಅಲಗಿಗೆ ಸಿಕ್ಕಿಕೊಳ್ಳುತ್ತದೆ, ಅಂಚಿನಲ್ಲಿ ನಾರು ಏಳುತ್ತದೆ. ಹಾಳೆಗಳನ್ನು ಹಿಂದಿನ ರಾತ್ರಿ ಅಕ್ಕಿ ಡಬ್ಬಿಯ ಮುಚ್ಚಳದಡಿ ಇಡುತ್ತೇನೆ, ಬೆಳಿಗ್ಗೆ ಗರಿಗರಿಯಾಗಿರುತ್ತವೆ. ಅಲಗು ಚೂಪಾಗಿದ್ದರೆ ಸದ್ದು ರೇಷ್ಮೆ ಎಳೆದಂತೆ. ಅದು ಕರಕರ ಎಂದರೆ ಬದಲಿಸುತ್ತೇನೆ. ನನಗೆ ಎರಡು ಗೂಡುದೀಪಕ್ಕೆ ಒಂದು ಅಲಗು ಬೇಕಾಗುತ್ತದೆ.

ಕಿಂಡಿಗಳಿಂದ ಕಳಚಿದ 64 ಕೆಂಪು ಎಸಳುಗಳನ್ನು ಬಿಸಾಡುವುದಿಲ್ಲ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಕೆಳಗಿನ ಚೌಕದಿಂದ ಇಳಿಬಿಡುವ ಬಿಳಿ ಬಾಲಗಳ ಮೇಲೆ ಒಂದೊಂದಾಗಿ ಅಂಟಿಸುತ್ತೇವೆ. ಆ ಕೆಲಸ ಅಮ್ಮನದು. ತುದಿ ಮೊಂಡಾದದ್ದು ಸಿಕ್ಕಿದರೆ ಅವರು ಮಾತಾಡದೆ ಪಕ್ಕಕ್ಕಿಡುತ್ತಾರೆ. ಕಳೆದ ವರ್ಷ ಪಕ್ಕದಲ್ಲಿ ಮೂರು ಇದ್ದವು.