ಮೇಲ್ ಸರ್ವರ್‌ಗೆ ಯಾವ ಓಎಸ್ ಹಾಕಬೇಕು?

ಸ್ವಂತ ಡೊಮೇನ್ ಇದೆ, ಆಫೀಸಿನ ಮೇಲ್ ಎಲ್ಲ ನಮ್ಮದೇ ಸರ್ವರ್‌ನಲ್ಲಿ ಇರಲಿ ಅಂತ ಹೊರಟಿದ್ದೀರಾ? ಓಎಸ್ (ಆಪರೇಟಿಂಗ್ ಸಿಸ್ಟಮ್) ಆರಿಸುವ ಮೊದಲೇ ಮುಗಿಸಬೇಕಾದ ಒಂದು ಕೆಲಸ ಇದೆ. ಸರ್ವರ್ ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿ ಎರಡು ಮಾತು ಕೇಳಿ: 25ನೇ ಪೋರ್ಟ್‌ನಿಂದ (ಸರ್ವರ್‌ಗಳ ನಡುವೆ ಮೇಲ್ ಸಾಗುವ ದಾರಿ) ಮೇಲ್ ಹೊರಗೆ ಹೋಗಲು ಬಿಡುತ್ತೀರಾ, ನಮ್ಮ ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸರ್ವರ್ ಹೆಸರು ತಿಳಿಸುವ ದಾಖಲೆ) ಹಾಕಿಕೊಡುತ್ತೀರಾ? ಎಷ್ಟೋ ಕ್ಲೌಡ್ ಕಂಪನಿಗಳು ಸ್ಪ್ಯಾಮ್ ಕಾಟಕ್ಕೆ ಈ ಪೋರ್ಟ್ ಮುಚ್ಚಿಟ್ಟಿರುತ್ತವೆ. 2024ರ ಫೆಬ್ರವರಿಯಿಂದ ರಿವರ್ಸ್ ಡಿಎನ್‌ಎಸ್ ಮುಂತಾದವುಗಳ ಬಗ್ಗೆ ಜಿಮೇಲ್ ನಿಯಮ ಬೇರೆ ಬಿಗಿಯಾಗಿದೆ. ಪೋರ್ಟ್, ರಿವರ್ಸ್ ಡಿಎನ್‌ಎಸ್ ಇವೆರಡೂ ಸರಿ ಇಲ್ಲದಿದ್ದರೆ ಯಾವ ಓಎಸ್ ಹಾಕಿದರೂ ಪ್ರಯೋಜನವಿಲ್ಲ.

ಈಗ ಆಯ್ಕೆಗೆ ಬನ್ನಿ. ಮೇಲ್ ಕಳಿಸುವ-ಪಡೆಯುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೆರೆದು ತೋರಿಸುವ ಡವ್‌ಕಾಟ್ ಎಂಬ ಪ್ರೋಗ್ರಾಂಗಳು ಎಲ್ಲ ಕಡೆಯೂ ಸಿಗುತ್ತವೆ, ಆದ್ದರಿಂದ ಅವನ್ನು ನೋಡಿ ಆರಿಸಬೇಕಾಗಿಲ್ಲ. ನೋಡಬೇಕಾದ್ದು ಒಂದೇ: ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಆ ಮಾತು ಎಷ್ಟು ಗಟ್ಟಿ? ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಹಾಕಿಕೊಂಡವರನ್ನು ಕೇಳಿ. 2029ರವರೆಗೆ ಅಪ್‌ಡೇಟ್ ಇರುತ್ತದೆ ಅಂತ ನಂಬಿದ್ದವರಿಗೆ 2020ರ ಡಿಸೆಂಬರ್‌ನಲ್ಲಿ ಗೊತ್ತಾಯಿತು, 2021ರ ಕೊನೆಗೇ ಎಲ್ಲ ಮುಗಿಯುತ್ತದೆ ಅಂತ. ಓಡುತ್ತಿರುವ ಮೇಲ್ ಸರ್ವರನ್ನು ಮೇಲ್‌ಬಾಕ್ಸ್ ಸಮೇತ ಒಂದೇ ವರ್ಷದಲ್ಲಿ ಬೇರೆ ಕಡೆ ಎತ್ತಿಡುವುದು ಸಣ್ಣ ಕೆಲಸ ಅಲ್ಲ.

ಅದಕ್ಕೇ ನನ್ನ ಮೊದಲ ಆಯ್ಕೆ ಡೆಬಿಯನ್ ಲಿನಕ್ಸ್‌ನ ಸ್ಟೇಬಲ್ ಆವೃತ್ತಿ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ, ಸ್ವಯಂಸೇವಕರು ಸೇರಿ ನಡೆಸುವ ಯೋಜನೆ. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ), ಒಟ್ಟು ಐದು ವರ್ಷ ನಿಶ್ಚಿಂತೆ. ಒಂದೇ ಒಂದು ವಿಷಯ ಗಮನದಲ್ಲಿರಲಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಡವ್‌ಕಾಟ್ 2.4 ಇದೆ, ಹಳೆಯ 2.3ರ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಅದಕ್ಕೆ ಹೊಂದುವುದಿಲ್ಲ. ಮೊದಲು ‘ಮೇಲ್ ಲೊಕೇಶನ್’ ಅಂತ ಒಂದೇ ಸಾಲಿನಲ್ಲಿ ಬರೆಯುತ್ತಿದ್ದದ್ದು ಈಗ ‘ಮೇಲ್ ಡ್ರೈವರ್’, ‘ಮೇಲ್ ಪಾತ್’ ಅಂತ ಎರಡು ಸಾಲಾಗಿದೆ, ಫೈಲಿನ ತಲೆಯಲ್ಲೇ ಕಾನ್ಫಿಗ್ ವರ್ಷನ್ ಯಾವುದು ಅಂತಲೂ ಹೇಳಬೇಕು. ನೆಟ್‌ನಲ್ಲಿ ಸಿಗುವ ಹಳೆಯ ಪಾಠಗಳನ್ನು ಸುಮ್ನೆ ಕಾಪಿ ಮಾಡಿ ಹಾಕಿದರೆ ಡವ್‌ಕಾಟ್ ಏಳುವುದೇ ಇಲ್ಲ.

ಉಬುಂಟು ಎಲ್‌ಟಿಎಸ್ ಅಭ್ಯಾಸ ಇದ್ದವರು ಅದನ್ನೇ ಹಾಕಿ, ತಪ್ಪೇನಿಲ್ಲ. ಅಲ್ಲೂ ಐದು ವರ್ಷ. ಆದರೆ ಆ ಭರವಸೆ ‘ಮೇನ್’ ವಿಭಾಗದ ಪ್ಯಾಕೇಜ್‌ಗಳಿಗೆ. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಅದರಲ್ಲಿವೆ, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ‘ಯೂನಿವರ್ಸ್’ನಲ್ಲಿದೆ. ಅದಕ್ಕೂ ಅಪ್‌ಡೇಟ್ ಖಾತ್ರಿಯಾಗಿ ಬೇಕಿದ್ದರೆ ಸರ್ವರನ್ನು ಉಬುಂಟು ಪ್ರೊ ಎಂಬ ಸೇವೆಗೆ ಸೇರಿಸಬೇಕು. ಸ್ವಂತ ಬಳಕೆಗೆ ಐದು ಮಶೀನ್‌ವರೆಗೆ ಅದು ಉಚಿತ.

ಹತ್ತು ವರ್ಷ ಮುಟ್ಟಬಾರದು ಅನ್ನುವವರಿಗೆ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್. ಎರಡೂ 2021ರಲ್ಲಿ, ಸೆಂಟ್‌ಓಎಸ್ ಬಿಟ್ಟುಹೋದ ಜಾಗ ತುಂಬಲು ಬಂದವು. ಅಲ್ಲಿ ಎಸ್‌ಇಲಿನಕ್ಸ್, ಅಂದರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ವ್ಯವಸ್ಥೆ, ಮೊದಲಿಂದಲೇ ಚಾಲೂ ಇರುತ್ತದೆ. ಮೇಲ್‌ಬಾಕ್ಸ್‌ಗಳನ್ನು ಬೇರೆ ಡಿಸ್ಕ್‌ಗೆ ಹಾಕಿದಾಗ ಡವ್‌ಕಾಟ್‌ಗೆ ‘ಪರ್ಮಿಷನ್ ಇಲ್ಲ’ ಅಂದರೆ, ದಯವಿಟ್ಟು ಎಸ್‌ಇಲಿನಕ್ಸ್ ಆಫ್ ಮಾಡಬೇಡಿ. ಆ ಫೋಲ್ಡರ್‌ಗೆ ಎಸ್‌ಇಲಿನಕ್ಸ್ ಹಚ್ಚುವ ಲೇಬಲ್ ಸರಿ ಮಾಡಿ. ಇಂಟರ್‌ನೆಟ್‌ಗೆ ಬಾಗಿಲು ತೆರೆದು ಕೂತಿರುವ ಸರ್ವರ್‌ಗೆ ಅಂಥ ಕಾವಲು ಬೇಕೇ ಬೇಕು, ಅಲ್ವಾ?

ಲಿನಕ್ಸ್ ಅಲ್ಲದ ಓಎಸ್‌ಗಳಲ್ಲಿ ಓಪನ್‌ಬಿಎಸ್‌ಡಿ ನನಗೆ ತುಂಬಾ ಇಷ್ಟ. ಮೇಲ್ ಕಳಿಸುವ-ಪಡೆಯುವ ಓಪನ್‌ಎಸ್‌ಎಂಟಿಪಿಡಿ ಅದರ ಜೊತೆಯಲ್ಲೇ ಬರುತ್ತದೆ, ಕಾನ್ಫಿಗ್ ಕೆಲವೇ ಸಾಲು, ಓದಿದರೆ ಅರ್ಥ ಆಗುತ್ತದೆ. ಆದರೆ ಆರು ತಿಂಗಳಿಗೊಂದು ಬಿಡುಗಡೆ, ಒಂದೊಂದಕ್ಕೂ ಸುಮಾರು ಒಂದು ವರ್ಷ ಮಾತ್ರ ಬೆಂಬಲ. ಅಪ್‌ಗ್ರೇಡ್ ಸಲೀಸು, ಆದರೂ ತಪ್ಪದೆ ಮಾಡುವವರಿಗೆ ಮಾತ್ರ ಇದು ಸರಿ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ನ ಸ್ನ್ಯಾಪ್‌ಶಾಟ್ (ಡಿಸ್ಕ್ ಆ ಕ್ಷಣ ಹೇಗಿತ್ತೋ ಹಾಗೆ ಹಿಡಿದಿಡುವುದು) ಬೇಕು ಅನ್ನುವವರು ಫ್ರೀಬಿಎಸ್‌ಡಿ ನೋಡಬಹುದು.

ರ್‍ಯಾಮ್ ಲೆಕ್ಕವನ್ನೂ ಈಗಲೇ ಹಾಕಿ. ಮೇಲ್‌ನಲ್ಲಿ ವೈರಸ್ ಹುಡುಕುವ ಕ್ಲ್ಯಾಮ್‌ಎವಿ ತನ್ನ ವೈರಸ್ ಪಟ್ಟಿಯನ್ನು ಪೂರ್ತಿ ಮೆಮೊರಿಗೆ ಎಳೆದುಕೊಳ್ಳುತ್ತದೆ, ಅದೊಂದಕ್ಕೇ ಒಂದು ಜಿಬಿಗಿಂತ ಜಾಸ್ತಿ ಬೇಕು. ಒಂದು ಜಿಬಿ ಸರ್ವರ್ ತಗೊಂಡು ಅದನ್ನು ಹಾಕಿದರೆ ಮೆಮೊರಿ ಸಾಲದೆ ಕರ್ನಲ್ (ಓಎಸ್‌ನ ತಿರುಳು) ಯಾವುದೋ ಪ್ರೋಗ್ರಾಂ ಕೊಲ್ಲುತ್ತದೆ, ಅದು ಡವ್‌ಕಾಟ್ ಕೂಡ ಆಗಿರಬಹುದು.

ಆರಿಸಿದ ಮೇಲೆ ನೇರವಾಗಿ ಅಸಲಿ ಸರ್ವರ್‌ಗೆ ಹಾಕಬೇಡಿ. ಒಂದು ವರ್ಚುವಲ್ ಮಶೀನ್‌ನಲ್ಲಿ ಹಾಕಿ, ಬ್ಯಾಕಪ್ ತೆಗೆದು, ಮಶೀನನ್ನೇ ಅಳಿಸಿ, ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಿ ನೋಡಿ. ಹಳೆಯ ಮೇಲ್‌ಗಳೆಲ್ಲ ತೆರೆದರೆ ಅಸಲಿ ಸರ್ವರ್‌ಗೆ ಹಾಕಿ. ಡೆಬಿಯನ್ ಆದರೆ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ಅಪ್‌ಡೇಟ್ ತಾನಾಗಿಯೇ ಹಾಕಿಕೊಳ್ಳುವ ಪ್ರೋಗ್ರಾಂ) ಅವತ್ತೇ ಚಾಲೂ ಮಾಡಿ, ಬೆಂಬಲ ಮುಗಿಯುವ ದಿನವನ್ನು ಆಫೀಸಿನ ಕ್ಯಾಲೆಂಡರ್‌ನಲ್ಲಿ ಆರು ತಿಂಗಳು ಮುಂಚಿತವಾಗಿಯೇ ಗುರುತು ಹಾಕಿ. ಡೆಬಿಯನ್ 13ರ ಎಲ್‌ಟಿಎಸ್ ಮುಗಿಯುವುದು 2030ರ ಜೂನ್ 30ಕ್ಕೆ.