ಕ್ಯೂ ಸರ್ವರ್ ಬೇಡ, ಪರ್ಲ್‌ನ ಪೈಪೇ ಸಾಕು: ನನ್ನ ಅನುಭವ

ಒಂದೇ ಯಂತ್ರದಲ್ಲಿ ನಾಲ್ಕು ವರ್ಕರ್‌ಗಳಿಗೆ (ಹಂಚಿಕೊಟ್ಟ ಕೆಲಸ ಮಾಡುವ ಪ್ರೋಗ್ರಾಂಗಳಿಗೆ) ಕೆಲಸ ಹಂಚಲೂ ಕ್ಯೂ ಸರ್ವರ್ (ಕೆಲಸಗಳನ್ನು ಸರದಿಯಲ್ಲಿಟ್ಟು ಹಂಚುವ ಪ್ರತ್ಯೇಕ ತಂತ್ರಾಂಶ) ಬೇಕೇ ಬೇಕು, ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಒಯ್ಯುವ ಕೊಳವೆ) ನಂಬಿದರೆ ಅರ್ಧದಲ್ಲೇ ನಿಂತುಬಿಡುತ್ತದೆ ಎಂದವರೇ ಹೆಚ್ಚು. ಆದರೆ ಪೈಪನ್ನೇ ನಂಬಿ ಪರ್ಲ್ ಭಾಷೆಯಲ್ಲಿ ಬರೆದ ನನ್ನ ಸ್ಕ್ರಿಪ್ಟ್ ಲಿನಕ್ಸ್ ಮೇಲೆ ಈಗ ತಿಂಗಳುಗಟ್ಟಲೆ ನಿಲ್ಲದೆ ಓಡಿದೆ. ಐದಾರು ಗಂಟೆ ಹಿಡಿಯುತ್ತಿದ್ದ ಕನ್ನಡ ದಾಖಲೆಗಳ ಶುದ್ಧೀಕರಣ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕ್ಯೂಗೆಂದೇ ಇನ್ನೊಂದು ಸರ್ವರ್ ಬಾಡಿಗೆಗೆ ಪಡೆದಿದ್ದರೆ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಕೈಬಿಟ್ಟು ಹೋಗುತ್ತಿತ್ತು.

ಕೆಲಸ ಕಳಿಸಲು ಪ್ರತಿ ವರ್ಕರ್‌ಗೆ ಒಂದೊಂದು ಪೈಪ್, ಫಲಿತಾಂಶ ಬರಲು ಎಲ್ಲರಿಗೂ ಸೇರಿ ಒಂದೇ ಪೈಪ್. ಎಡವಟ್ಟಾಗುವುದು ಎರಡನೆಯ ಫೋರ್ಕ್‌ನಲ್ಲಿ, ಅಂದರೆ ಕೆಲಸ ಹಂಚುವ ಮೂಲ ಪ್ರೋಗ್ರಾಂ (ಪೇರೆಂಟ್) ತನ್ನದೇ ನಕಲಾಗಿ ಎರಡನೆಯ ವರ್ಕರ್ ಹುಟ್ಟಿಸುವಾಗ. ಮೊದಲ ವರ್ಕರ್‌ಗೆ ಬರೆಯುವ ತುದಿ ಪೇರೆಂಟ್ ಬಳಿ ತೆರೆದೇ ಇರುತ್ತದಲ್ಲ, ಎರಡನೆಯದು ಅದನ್ನೂ ಹೊತ್ತುಕೊಂಡೇ ಹುಟ್ಟುತ್ತದೆ. ಪೇರೆಂಟ್ ತನ್ನ ತುದಿ ಮುಚ್ಚಿದರೂ ಮೊದಲನೆಯದಕ್ಕೆ ಇಒಎಫ್ (ಇನ್ನೇನೂ ಬರುವುದಿಲ್ಲ ಎಂಬ ಸೂಚನೆ) ಸಿಗುವುದಿಲ್ಲ. ಒಂದನ್ನು ಮುಚ್ಚಿ, ವೇಟ್‌ಪಿಡ್ ಮಾಡಿ (ಆ ವರ್ಕರ್ ಮುಗಿಯುವವರೆಗೆ ಕಾದು), ಆಮೇಲೆ ಮುಂದಿನದಕ್ಕೆ ಹೋಗುವ ಸ್ಕ್ರಿಪ್ಟ್ ಅಲ್ಲೇ ಕೂರುತ್ತದೆ. ಹೊಸ ವರ್ಕರ್ ಹುಟ್ಟಿದ ಕೂಡಲೇ ಅದರಿಂದ ಹಿಂದಿನ ಎಲ್ಲ ವರ್ಕರ್‌ಗಳ ತುದಿಗಳನ್ನೂ ಮುಚ್ಚಿಸಬೇಕು. ಸಂಶಯವಿದ್ದರೆ ಎಲ್‌ಎಸ್‌ಒಎಫ್ ಆದೇಶ ಹಾಕಿ ನೋಡಿ, ಯಾರ ಕೈಯಲ್ಲಿ ಯಾವ ತುದಿ ಉಳಿದಿದೆಯೆಂದು ಕಾಣುತ್ತದೆ.

ಎರಡನೆಯ ಕಾಟ ಡೆಡ್‌ಲಾಕ್, ಅಂದರೆ ಒಬ್ಬರಿಗೊಬ್ಬರು ಕಾಯುತ್ತ ಎಲ್ಲರೂ ನಿಂತುಬಿಡುವುದು. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್. ಇನ್ನೂರು ಬೈಟಿನ ಫಲಿತಾಂಶವಾದರೆ ಮುನ್ನೂರು ಚಿಲ್ಲರೆ ಸಾಲಿಗೇ ಭರ್ತಿ. ಪೇರೆಂಟ್ ಓದದೆ ಕೆಲಸ ತುಂಬುತ್ತಲೇ ಹೋದರೆ ವರ್ಕರ್‌ಗಳು ಬರೆಯಲಾಗದೆ ನಿಲ್ಲುತ್ತವೆ, ಆಮೇಲೆ ಪೇರೆಂಟೂ ನಿಲ್ಲುತ್ತದೆ. ಪೈಪನ್ನೇ 1 ಎಂಬಿಗೆ ಹಿಗ್ಗಿಸಿಯೂ ನೋಡಿದ್ದಾಯಿತು: ನಿಲ್ಲುವುದು ತಡವಾಯಿತೇ ಹೊರತು ತಪ್ಪಲಿಲ್ಲ, ವೇಗವೂ ಹೆಚ್ಚಲಿಲ್ಲ. ಕೆಲಸ ಮಾಡಿದ್ದು ಮಿತಿ. ಒಂದು ವರ್ಕರ್ ಬಳಿ ಎಂಟಕ್ಕಿಂತ ಹೆಚ್ಚು ಸಾಲು ಬಾಕಿ ಇರಬಾರದು, ಒಂದು ಫಲಿತಾಂಶ ಬಂದರೆ ಒಂದು ಹೊಸ ಸಾಲು. ಸಾಲಿಗೆ 4 ಕೆಬಿ ಅಂದರೂ ಒಟ್ಟು 32 ಕೆಬಿ, ಪೇರೆಂಟ್‌ನ ಬರಹ ಎಂದೂ ನಿಂತುಬಿಡದು.

ಆ 4 ಕೆಬಿಗೆ ಇನ್ನೊಂದು ಕಾರಣವಿದೆ. 4,096 ಬೈಟ್‌ವರೆಗಿನ ಒಂದು ಬರಹವನ್ನು ಕರ್ನಲ್ (ಲಿನಕ್ಸ್‌ನ ತಿರುಳು) ತುಂಡರಿಸುವುದಿಲ್ಲ, ಹಂಚಿಕೊಂಡ ಪೈಪಿನಲ್ಲಿ ಒಬ್ಬರ ಸಾಲಿನೊಳಗೆ ಇನ್ನೊಬ್ಬರದು ನುಗ್ಗುವುದಿಲ್ಲ. ಪ್ರಿಂಟ್ ಬಳಸಿದರೆ ಬಫರ್ (ಬರೆದದ್ದನ್ನು ಕಳಿಸುವ ಮುನ್ನ ಕೂಡಿಡುವ ಜಾಗ) ತುಂಬಿದಲ್ಲಿ ಸಾಲು ಕಡಿದು ಕಲಸುಮೇಲೋಗರ. ಆದ್ದರಿಂದ ಒಂದು ಸಾಲಿಗೆ ಬಫರ್ ಇಲ್ಲದೆ ನೇರ ಬರೆಯುವ ಒಂದೇ ಸಿಸ್‌ರೈಟ್. ಓದುವ ಕಡೆಯೂ ನೇರ ಓದುವ ಸಿಸ್‌ರೀಡ್ ಮಾಡಿ ಹೊಸಸಾಲಿನ ಗುರುತಿಗೆ ಒಡೆಯಿರಿ. ಯಾವ ಪೈಪಿನಲ್ಲಿ ಓದಲು ಸಿದ್ಧವಿದೆಯೆಂದು ಹೇಳುವ ಸೆಲೆಕ್ಟ್ ಜೊತೆ ಬಫರ್ ಇರುವ ರೀಡ್‌ಲೈನ್ ಬೆರೆಸಲೇಬೇಡಿ.

ಕನ್ನಡ ಇರುವಲ್ಲಿ ಅಳತೆ ಬೈಟಿನಲ್ಲೇ ಆಗಬೇಕು. ಯುಟಿಎಫ್-8ರಲ್ಲಿ ‘ಸ್ತ್ರೀ’ ಒಂದೇ 18 ಬೈಟ್, ಅಕ್ಷರಸಂಕೇತಗಳನ್ನು ಎಣಿಸುವ ಲೆಂಗ್ತ್ ಹೇಳುವುದು ಆರು. ಮೊದಲು ಎನ್‌ಕೋಡ್ (ಬೈಟ್‌ಗಳಿಗೆ ಪರಿವರ್ತನೆ), ಆಮೇಲೆ ಅಳತೆ, ಕೊನೆಗೆ ಬರಹ. 4,096 ಬೈಟ್ ಮೀರಿದ್ದನ್ನು ತಾತ್ಕಾಲಿಕ ಕಡತಕ್ಕೆ ಹಾಕಿ ಅದರ ಹೆಸರಷ್ಟೇ ಪೈಪಿನಲ್ಲಿ ಕಳಿಸಿ.

ವರ್ಕರ್ ಸತ್ತ ಮೇಲೆ ಅದಕ್ಕೆ ಬರೆದರೆ ಸಿಗ್‌ಪೈಪ್ ಎಂಬ ಸಿಗ್ನಲ್ ಬಂದು ಪೇರೆಂಟೂ ಸದ್ದಿಲ್ಲದೆ ಸಾಯುತ್ತದೆ. ಆ ಸಿಗ್ನಲ್ ಇಗ್ನೋರ್ ಮಾಡಿ. ಆಗ ಸಿಸ್‌ರೈಟ್ ಇಪೈಪ್ (ಆಚೆ ಓದುವವರಿಲ್ಲ) ಎಂಬ ದೋಷ ಹೇಳಿದರೆ ಬಾಕಿ ಎಂಟು ಸಾಲನ್ನು ಪಟ್ಟಿಗೆ ವಾಪಸ್ ಹಾಕಿ ಹೊಸ ವರ್ಕರ್ ಎಬ್ಬಿಸಿ.